ಸಾಕು ಎಂಬ ಅಳತೆ

ದುಡಿಯುವ ವಯಸ್ಸಿನಲ್ಲಿ ಮನುಷ್ಯನು ತನ್ನ ಹಣದ ಬಗೆಗೆ ಕೇಳಿಕೊಳ್ಳುವ ಮುಖ್ಯ ಪ್ರಶ್ನೆ, ತಿಂಗಳಿಗೆ ಎಷ್ಟು ಬರುತ್ತದೆ ಎಂಬುದು. ಇದಕ್ಕೆ ಉತ್ತರ ಪಗಾರದ ಚೀಟಿಯಲ್ಲೇ ಇರುತ್ತದೆ. ನಿವೃತ್ತಿಯ ದಿನ ಶಾಲು ಹೊದಿಸಿ, ಶ್ರೀಫಲ ಕೈಗಿತ್ತು, ನಾಲ್ಕು ಒಳ್ಳೆಯ ಮಾತುಗಳನ್ನಾಡಿ ಬೀಳ್ಕೊಟ್ಟ ಮರುದಿನದಿಂದ ಪ್ರಶ್ನೆಯೇ ಬದಲಾಗುತ್ತದೆ. ಎಷ್ಟು ಸಾಕು? ಇದಕ್ಕೆ ಉತ್ತರವನ್ನು ಯಾವ ಕಚೇರಿಯೂ ಬರೆದು ಕೊಡುವುದಿಲ್ಲ. ಶಾಲೆಯಲ್ಲಿ ನಮಗೆ ಕೂಡುವುದನ್ನು, ಕಳೆಯುವುದನ್ನು, ಬಡ್ಡಿ ಕಟ್ಟುವುದನ್ನು ಕಲಿಸಿದರು. ಎಲ್ಲಿ ನಿಲ್ಲಿಸಬೇಕೆಂಬುದನ್ನು ಕಲಿಸಲಿಲ್ಲ. ಆದುದರಿಂದಲೇ ನಮ್ಮಲ್ಲಿ ಅನೇಕರು ಮೂವತ್ತೈದು ವರ್ಷ ಲೆಕ್ಕ ಕಲಿಸಿಯೂ, ಲೆಕ್ಕ ಬರೆದೂ, ಕೊನೆಯ ಇಪ್ಪತ್ತು ವರ್ಷಗಳನ್ನು ಲೆಕ್ಕವಿಲ್ಲದ ಭಯದಲ್ಲಿ ಕಳೆಯುತ್ತಾರೆ.

ಈ ಪ್ರಶ್ನೆ ಮೇಲ್ನೋಟಕ್ಕೆ ಹಣಕಾಸಿನದು. ಒಳಹೊಕ್ಕು ನೋಡಿದರೆ ನೀತಿಯದು. ನಾವು ಕೂಡಿಟ್ಟ ಹಣ ಯಾರದು? ನಮ್ಮದೇ, ನಮ್ಮ ಮಕ್ಕಳದೇ, ಅಥವಾ ಊರಿನದೇ? ಅದನ್ನು ನಮಗಾಗಿ ಖರ್ಚು ಮಾಡಿಕೊಳ್ಳುವುದು ಸ್ವಾರ್ಥವೇ? ಖರ್ಚು ಮಾಡದೆ ಇಟ್ಟುಕೊಂಡು ಕುಳಿತಿರುವುದು ಸದ್ಗುಣವೇ? ಸೊಲ್ಲಾಪುರ, ಅಕ್ಕಲಕೋಟ, ಜತ್ತದ ಈ ಸೀಮೆಯಲ್ಲಿ ಬದುಕಿ ಬಾಳಿದ ಕನ್ನಡಿಗರಾದ ನಾವು ಈ ಪ್ರಶ್ನೆಗಳನ್ನು ನಮ್ಮ ಮನೆಯ ಜಗುಲಿಯ ಮೇಲಿಟ್ಟು ವಿಚಾರಿಸುವುದು ಒಳಿತು.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಿವೃತ್ತಿ ಎಂಬ ಪದ ನಮ್ಮಲ್ಲಿ ಎಲ್ಲರಿಗೂ ಒಂದೇ ಅರ್ಥ ಕೊಡುವುದಿಲ್ಲ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ದುಡಿದ ಹಿರಿಯ ಶಿಕ್ಷಕರಿಗೆ ಕೊನೆಯ ಮೂಲವೇತನದ ಅರ್ಧದಷ್ಟು ನಿವೃತ್ತಿವೇತನವೂ ಅದರ ಮೇಲೆ ತುಟ್ಟಿಭತ್ಯೆಯೂ ಬರುತ್ತದೆ. ಆದರೆ ಮಹಾರಾಷ್ಟ್ರದಲ್ಲಿ 2005ರ ನವೆಂಬರ್ 1ರಿಂದ ಈಚೆಗೆ ಸೇವೆಗೆ ಸೇರಿದವರನ್ನು ಹಳೆಯ ಪದ್ಧತಿಯಿಂದ ಹೊರಗಿಟ್ಟು, ಪಗಾರದಿಂದ ವಂತಿಗೆ ಕಡಿಯುವ ಹೊಸ ಪದ್ಧತಿಗೆ ಸೇರಿಸಲಾಯಿತು. ಗಿರಣಿಯಲ್ಲಿ ನೂಲು ತೆಗೆದು ಕಿವಿಯ ಶಕ್ತಿ ಕಳೆದುಕೊಂಡವರಿಗೆ ದೊರೆಯುವುದು 1995ರ ನೌಕರರ ಪಿಂಚಣಿ ಯೋಜನೆಯ ಹಣ. ಅದರ ಕನಿಷ್ಠ ಮೊತ್ತವನ್ನು 2014ರಲ್ಲಿ ತಿಂಗಳಿಗೆ 1,000 ರೂಪಾಯಿ ಎಂದು ಗೊತ್ತುಪಡಿಸಿದರು. ಮೊಣಕಾಲ ಮೇಲೆ ಮೊರವಿಟ್ಟು ಬೀಡಿ ಕಟ್ಟಿದ ತಾಯಂದಿರ ಪಾಡೂ ಹೆಚ್ಚು ಬೇರೆಯಲ್ಲ. ಜತ್ತ ತಾಲೂಕಿನ ಒಣಬೇಸಾಯದ ರೈತನಿಗಂತೂ ನಿವೃತ್ತಿಯ ದಿನವೆಂಬುದೇ ಇಲ್ಲ. ಕೈಕಾಲು ಸೋತ ದಿನವೇ ಅವನ ನಿವೃತ್ತಿ.

ಸಾವಿರ ರೂಪಾಯಿಯಲ್ಲಿ ತಿಂಗಳು ತಳ್ಳುವ ವೃದ್ಧೆಗೆ ಖರ್ಚಿನ ಅಭ್ಯಾಸಗಳನ್ನು ಪರೀಕ್ಷಿಸಿಕೊಳ್ಳಮ್ಮಾ ಎಂದು ಉಪದೇಶಿಸುವುದು ಅವಿವೇಕ ಮಾತ್ರವಲ್ಲ, ಅನ್ಯಾಯ. ಅಲ್ಲಿ ಪರೀಕ್ಷೆಗೆ ಒಳಗಾಗಬೇಕಾದುದು ಅವಳ ಖರ್ಚಲ್ಲ, ನಮ್ಮ ಸಮಾಜದ ಖರ್ಚು. ಆದುದರಿಂದ ಮುಂದಿನ ಮಾತುಗಳು ಮುಖ್ಯವಾಗಿ, ಹೊಟ್ಟೆಬಟ್ಟೆಗೆ ಸಾಲುವಷ್ಟು ಇದ್ದೂ ನೆಮ್ಮದಿ ಇಲ್ಲದವರನ್ನು ಕುರಿತವು. ಅಂಥವರು ನಮ್ಮ ಸಂಘದಲ್ಲಿ, ನಮ್ಮ ಮನೆಗಳಲ್ಲಿ ಕಡಿಮೆಯಿಲ್ಲ.

ಇದ್ದೂ ನೆಮ್ಮದಿಯಿಲ್ಲದ ಈ ಸ್ಥಿತಿಗೆ ಕಾರಣವನ್ನು ಕೇವಲ ಜಿಪುಣತನವೆಂದು ತಳ್ಳಿಹಾಕುವುದು ಸರಿಯಲ್ಲ. ಅದಕ್ಕೊಂದು ಚರಿತ್ರೆಯಿದೆ. ಇಂದು ಎಪ್ಪತ್ತರ ಆಸುಪಾಸಿನಲ್ಲಿರುವವರು 1972ರ ಬರ ಬಿದ್ದಾಗ ಹದಿಹರೆಯದವರು. ಬಾವಿಗಳು ಬತ್ತಿ, ದನಗಳು ಮೇವಿಲ್ಲದೆ ಸತ್ತು, ಮನೆಯ ಹಿರಿಯರು ರಸ್ತೆಯ ಕಾಮಗಾರಿಯಲ್ಲಿ ಖಡಿ ಒಡೆದು ತಂದ ಕೂಲಿಯಿಂದ ಒಲೆ ಉರಿದುದನ್ನು ಕಂಡವರು. ಮಾಲದಂಡಿ ಜೋಳದ ಬಿಳಿಯ ರೊಟ್ಟಿ ಉಂಡ ನಾಲಗೆ ಹೊರದೇಶದಿಂದ ಬಂದ ಕೆಂಪು ಜೋಳಕ್ಕೆ ಒಗ್ಗಿಕೊಳ್ಳಬೇಕಾಯಿತು. ಅಂಥ ಬಾಲ್ಯವನ್ನು ದಾಟಿ ಬಂದವರಿಗೆ ಉಳಿತಾಯವೆಂಬುದು ಕಲಿತ ಗುಣವಲ್ಲ, ಮೈಗೆ ಹತ್ತಿದ ಗುಣ. ದೀಪ ಆರಿಸುವುದು, ಹಾಳೆಯ ಹಿಂಬದಿಯಲ್ಲಿ ಬರೆಯುವುದು, ತೇಪೆ ಹಾಕಿದ ಕೌದಿಗೆ ಮತ್ತೊಂದು ತೇಪೆ ಹಾಕುವುದು ಅವರ ಪಾಲಿಗೆ ಸಹಜ ಧರ್ಮ. ಆ ಧರ್ಮವೇ ಮಕ್ಕಳನ್ನು ಓದಿಸಿತು, ಮನೆ ಕಟ್ಟಿಸಿತು. ಅದನ್ನು ನಾವು ಗೌರವಿಸಬೇಕು.

ಆದರೆ ಕಷ್ಟಕಾಲದ ಗುಣವು ಕಾಲ ಬದಲಾದ ಮೇಲೂ ಗುಣವಾಗಿಯೇ ಉಳಿಯುತ್ತದೆಯೇ ಎಂಬುದು ವಿಚಾರಾರ್ಹ. ನಮ್ಮ ಹಳ್ಳಿಗಳಲ್ಲಿ ಹಿಂದೆ ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ನೆಲದೊಳಗಿನ ಆ ಕಣಜ ಬರಗಾಲದ ಬೆನ್ನೆಲುಬು. ಆದರೆ ಹಗೇವನ್ನು ಬಲ್ಲವರಿಗೆ ಇನ್ನೊಂದು ಮಾತೂ ಗೊತ್ತಿತ್ತು. ಬಹಳ ಕಾಲ ಮುಚ್ಚಿಟ್ಟ ಹಗೇವಿನ ಬಾಯಿ ತೆರೆದೊಡನೆ ಒಳಗಿಳಿಯಬಾರದು. ಅಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ, ಇಳಿದವನ ಉಸಿರು ಕಟ್ಟುತ್ತದೆ. ಕಾಳು ಕಾಪಾಡಿದ ಗುಂಡಿಯೇ ಜೀವ ತೆಗೆಯಬಲ್ಲುದು. ಹಗೇವು ತುಂಬುವುದು ಎಷ್ಟು ಮುಖ್ಯವೋ ಕಾಲಕಾಲಕ್ಕೆ ತೆರೆದು ಹಳೆಯ ಕಾಳನ್ನು ಉಣ್ಣುವುದು, ಹಂಚುವುದು ಅಷ್ಟೇ ಮುಖ್ಯವಾಗಿತ್ತು. ತೆರೆಯದ ಹಗೇವನ್ನು ಯಾರೂ ಸಿರಿತನವೆಂದು ಕರೆಯಲಿಲ್ಲ.

ನಮ್ಮ ನಡುವೆ ತೆರೆಯದ ಹಗೇವುಗಳು ಹಲವಿವೆ. ಕಣ್ಣಿನ ಪೊರೆ ಬಲಿತಿದ್ದರೂ ಮುಂದಿನ ವರ್ಷ ನೋಡೋಣವೆಂದು ಶಸ್ತ್ರಚಿಕಿತ್ಸೆ ಮುಂದೂಡುವ ಹಿರಿಯರ ಹೆಸರಿನಲ್ಲಿ ಐದಾರು ಠೇವಣಿ ರಸೀದಿಗಳಿರುತ್ತವೆ. ಕಿವಿ ಕೇಳಿಸದೆ ಮೊಮ್ಮಗಳ ಮಾತಿಗೆ ಸುಮ್ಮನೆ ನಗುವ ಅಜ್ಜನು ಶ್ರವಣಯಂತ್ರದ ಬೆಲೆ ಕೇಳಿ ಹಿಂದೆ ಸರಿಯುತ್ತಾನೆ. ಆ ಬೆಲೆ ಅವನ ಒಂದು ವರ್ಷದ ಬಡ್ಡಿಗಿಂತ ಕಡಿಮೆ. ಮಹಾರಾಷ್ಟ್ರದ ಎಸ್.ಟಿ. ಬಸ್ಸುಗಳಲ್ಲಿ 75 ವರ್ಷ ದಾಟಿದವರಿಗೆ ರಾಜ್ಯದೊಳಗಿನ ಪ್ರಯಾಣ 2022ರಿಂದ ಉಚಿತವಾಗಿದೆ. ಆದರೂ ತಂಗಿಯ ಊರಿಗೆ ಹೋಗಿ ಬರಲು ಮನಸ್ಸು ಬರುವುದಿಲ್ಲ, ಏಕೆಂದರೆ ಬರಿಗೈಯಲ್ಲಿ ಹೋಗಬಾರದು, ಕೈತುಂಬ ಒಯ್ದರೆ ಖರ್ಚು. ಇವರನ್ನು ಕೇಳಿದರೆ, ಮಕ್ಕಳಿಗೆ ಇರಲಿ ಎನ್ನುತ್ತಾರೆ. ಪುಣೆಯಲ್ಲಿಯೋ ಬೆಂಗಳೂರಿನಲ್ಲಿಯೋ ಇರುವ ಮಕ್ಕಳು ಆ ಹಣವನ್ನು ಕೇಳಿರುವುದಿಲ್ಲ. ಅಪ್ಪನ ಕಿವಿ ಕೇಳಿಸಲಿ ಎಂಬುದೇ ಅವರ ಅಪೇಕ್ಷೆಯಾಗಿರುತ್ತದೆ.

ಇದಕ್ಕೆ ವಿರುದ್ಧವಾದ ದಾರಿಯೂ ಅಷ್ಟೇ ಅಪಾಯಕರ. ಉಪದಾನ, ಭವಿಷ್ಯನಿಧಿ ಕೈಗೆ ಬಂದ ವರ್ಷವೇ ಮಗಳ ಮದುವೆಯನ್ನು ಶಕ್ತಿ ಮೀರಿ ಮಾಡಿ, ಮಗನ ವ್ಯಾಪಾರಕ್ಕೆ ಬಂಡವಾಳ ಸುರಿದು, ಮನೆಯನ್ನೂ ಅವನ ಹೆಸರಿಗೆ ಬರೆದು, ಬಳಿಕ ಔಷಧದ ಚೀಟಿಯನ್ನು ಸೊಸೆಯ ಮುಂದೆ ಹಿಡಿದು ನಿಂತವರನ್ನು ನಾವು ಕಂಡಿದ್ದೇವೆ. ಪ್ರೀತಿಯಿಂದ ಕೊಟ್ಟುದು ತಪ್ಪಲ್ಲ. ತಾನು ಬದುಕಿರುವಷ್ಟು ದಿನದ ಸ್ವಾತಂತ್ರ್ಯವನ್ನೂ ಅದರ ಜೊತೆಗೆ ಕೊಟ್ಟುಬಿಡುವುದು ತನಗೂ ಮಕ್ಕಳಿಗೂ ಹಿತವಲ್ಲ. ಅದು ಮಕ್ಕಳನ್ನು ದಾನಿಗಳನ್ನಾಗಿಯೂ ತಂದೆತಾಯಿಗಳನ್ನು ಬೇಡುವವರನ್ನಾಗಿಯೂ ಮಾಡುತ್ತದೆ. ಮಾತಾಪಿತೃಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಮಾಡಿದ ಕಾಯಿದೆಯ 23ನೆಯ ಕಲಮು ಈ ಅಪಾಯವನ್ನು ಮನಗಂಡೇ ರಚಿತವಾಯಿತು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಪಡೆದವನು ಆ ಷರತ್ತನ್ನು ಮುರಿದರೆ, ಆ ವರ್ಗಾವಣೆಯನ್ನು ರದ್ದುಪಡಿಸಲು ನ್ಯಾಯಮಂಡಳಿಗೆ ಅಧಿಕಾರವಿದೆ. ಷರತ್ತನ್ನು ಪತ್ರದಲ್ಲೇ ಸ್ಪಷ್ಟವಾಗಿ ಬರೆಯಿಸುವುದು ಕ್ಷೇಮ. ಆದರೆ ಕಾಯಿದೆಯ ಬಾಗಿಲಿಗೆ ಹೋಗುವ ಹೊತ್ತಿಗೆ ಮನೆಯ ಬಾಗಿಲು ಮುಚ್ಚಿರುತ್ತದೆ ಎಂಬುದನ್ನು ಮರೆಯಬಾರದು.

ಒಬ್ಬನು ತನಗಾಗಿ ಏನನ್ನೂ ಖರ್ಚು ಮಾಡುವುದಿಲ್ಲ, ಇನ್ನೊಬ್ಬನು ತನಗಾಗಿ ಏನನ್ನೂ ಉಳಿಸಿಕೊಳ್ಳುವುದಿಲ್ಲ. ಇಬ್ಬರೂ ಬೇರೆಬೇರೆಯೆಂದು ತೋರಿದರೂ ಇಬ್ಬರಲ್ಲಿರುವ ಕೊರತೆ ಒಂದೇ. ತನ್ನ ಬದುಕಿಗೆ ಎಷ್ಟು ಬೇಕು ಎಂಬುದನ್ನು ಇಬ್ಬರೂ ಅಳೆದು ನೋಡಿಲ್ಲ. ಅಳತೆ ಇಲ್ಲದಲ್ಲಿ ಭಯ ಹುಟ್ಟುತ್ತದೆ, ಇಲ್ಲವೆ ಭ್ರಮೆ ಹುಟ್ಟುತ್ತದೆ. ಆದುದರಿಂದ ನೀತಿಯ ಪ್ರಶ್ನೆಗೆ ಹೋಗುವ ಮುನ್ನ ಜಮಾ-ಖರ್ಚಿನ ಪುಸ್ತಕವನ್ನು ತೆರೆಯುವುದು ಅನಿವಾರ್ಯ.

ಲೆಕ್ಕವನ್ನು ಒಂದು ತಿಂಗಳು ಬರೆದರೆ ಸಾಲದು, ಹನ್ನೆರಡು ತಿಂಗಳು ಬರೆಯಬೇಕು. ನಮ್ಮ ಖರ್ಚುಗಳು ತಿಂಗಳಿಗೊಮ್ಮೆ ಸಮನಾಗಿ ಬರುವುದಿಲ್ಲ. ಮಳೆಯಂತೆ ಕೆಲವು ತಿಂಗಳಲ್ಲಿ ಸುರಿಯುತ್ತವೆ. ಉದಾಹರಣೆಗೆ ಒಂದು ದಂಪತಿಯ ಮನೆಯನ್ನು ಭಾವಿಸೋಣ. ಕಿರಾಣಿ, ಹಾಲು, ಕಾಯಿಪಲ್ಲೆ, ವಿದ್ಯುತ್ತು, ಗ್ಯಾಸು, ಫೋನು, ನಿತ್ಯದ ಔಷಧ ಎಲ್ಲ ಸೇರಿ ತಿಂಗಳಿಗೆ 18,000 ರೂಪಾಯಿ. ನಮ್ಮ ಖರ್ಚು ಹದಿನೆಂಟು ಸಾವಿರ ಎಂದೇ ಅವರು ನಂಬಿರುತ್ತಾರೆ. ಆದರೆ ವರ್ಷದ ಪುಸ್ತಕ ಬೇರೆ ಕಥೆ ಹೇಳುತ್ತದೆ. ಪಂಚಮಿ, ದಸರೆ, ದೀಪಾವಳಿ, ಸಂಕ್ರಾಂತಿಯ ಗಡ್ಡೆ ಜಾತ್ರೆ ಇವುಗಳಿಗೆ 20,000; ಮದುವೆ ಮುಂಜಿವೆಗಳ ಮುಯ್ಯಿ ಮತ್ತು ಬಟ್ಟೆಬರೆಗೆ 24,000; ಮನೆಪಟ್ಟಿ ಹಾಗೂ ವಿಮೆಗೆ 22,000; ಮಾಳಿಗೆ ಸೋರಿಕೆ, ಮೋಟಾರು, ನಲ್ಲಿ ದುರಸ್ತಿಗೆ 18,000; ಕನ್ನಡಕ, ಹಲ್ಲು, ತಪಾಸಣೆಗೆ 12,000. ಒಟ್ಟು 96,000. ಅಂದರೆ ತಿಂಗಳಿಗೆ ಇನ್ನೂ 8,000. ಆ ಮನೆಯ ನಿಜವಾದ ಖರ್ಚು 26,000 ರೂಪಾಯಿ. ಹದಿನೆಂಟಕ್ಕೂ ಇಪ್ಪತ್ತಾರಕ್ಕೂ ಇರುವ ಈ ಅಂತರದಲ್ಲಿಯೇ ನಮ್ಮ ಹೆಚ್ಚಿನ ಕಳವಳಗಳು ಮನೆಮಾಡಿರುತ್ತವೆ. ಹಣ ಎಲ್ಲಿ ಹೋಯಿತೆಂದು ತಿಳಿಯದವನಿಗೆ, ಅದು ಸದಾ ಹೋಗುತ್ತಲೇ ಇದೆ ಎನಿಸುತ್ತದೆ.

ಎರಡನೆಯ ಲೆಕ್ಕ ಕಾಲದ್ದು. ಬೆಲೆಗಳು ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ ಹನ್ನೆರಡು ವರ್ಷಗಳಲ್ಲಿ ಎರಡು ಪಟ್ಟಾಗುತ್ತವೆ. ಎಪ್ಪತ್ತೆರಡನ್ನು ಏರಿಕೆಯ ದರದಿಂದ ಭಾಗಿಸಿದರೆ ಈ ವರ್ಷಗಳು ಸುಮಾರಾಗಿ ಸಿಗುತ್ತವೆ. ಇದನ್ನು ಬಾಯಿಲೆಕ್ಕದಲ್ಲೇ ಮಾಡಬಹುದು. 58ರಲ್ಲಿ 26,000ದಿಂದ ನಡೆಯುವ ಮನೆಗೆ 70ರಲ್ಲಿ 52,000, 82ರಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಬೇಕಾಗುತ್ತದೆ. ತುಟ್ಟಿಭತ್ಯೆ ಇರುವ ನಿವೃತ್ತಿವೇತನದಾರನಿಗೆ ಇದಕ್ಕೆ ಒಂದಿಷ್ಟು ಆಸರೆಯಿದೆ. ಬರಿಯ ಬಡ್ಡಿಯನ್ನು ನಂಬಿದವನಿಗೆ ಇಲ್ಲ. ಹತ್ತು ಲಕ್ಷ ರೂಪಾಯಿಗೆ ನೂರಕ್ಕೆ ಎಂಟರಂತೆ ವರ್ಷಕ್ಕೆ 80,000 ಬಡ್ಡಿ ಬಂತೆನ್ನೋಣ. ಅಷ್ಟನ್ನೂ ಉಂಡು ಮುಗಿಸಿದರೆ ಅಸಲು ಕಾಗದದ ಮೇಲೆ ಹತ್ತು ಲಕ್ಷವಾಗಿಯೇ ಉಳಿದರೂ ಹನ್ನೆರಡು ವರ್ಷಗಳ ನಂತರ ಅದರ ಕೊಳ್ಳುವ ಶಕ್ತಿ ಅರ್ಧವಾಗಿರುತ್ತದೆ. ಆದುದರಿಂದ ಹಿರಿಯರ ಭಯಕ್ಕೆ ಆಧಾರವೇ ಇಲ್ಲವೆಂದು ನಾವು ಹೇಳಲಾರೆವು. ಅಳತೆಗೆ ಸಿಕ್ಕ ಭಯಕ್ಕೆ ಉಪಾಯ ಹುಡುಕಬಹುದು, ಅಳೆಯದ ಭಯಕ್ಕೆ ಉಪಾಯವಿಲ್ಲ ಎಂದಷ್ಟೇ ಹೇಳುತ್ತೇವೆ.

ಅಳೆಯದ ಭಯ ಇನ್ನೊಂದು ಅನಾಹುತಕ್ಕೂ ದಾರಿ ಮಾಡುತ್ತದೆ. ಬಡ್ಡಿ ಸಾಲದೆಂಬ ಆತಂಕದಲ್ಲಿ ಒಂದೆರಡು ಅಂಶ ಹೆಚ್ಚು ಕೊಡುವವರ ಬಾಗಿಲಿಗೆ ಜೀವಮಾನದ ಗಳಿಕೆಯನ್ನು ಒಯ್ದಿಡುವವರಿದ್ದಾರೆ. ಬ್ಯಾಂಕಿನ ಠೇವಣಿಗೆ 2020ರಿಂದ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷ ರೂಪಾಯಿವರೆಗೆ ವಿಮೆಯಿದೆ. ಊರೂರಿನ ಪತಸಂಸ್ಥೆಗಳ ಠೇವಣಿಗೆ ಆ ವಿಮೆ ಅನ್ವಯಿಸುವುದಿಲ್ಲ. 60 ವರ್ಷ ದಾಟಿದವರಿಗಾಗಿ 2004ರಿಂದ ಇರುವ ಹಿರಿಯ ನಾಗರಿಕರ ಉಳಿತಾಯ ಯೋಜನೆ ಅಂಚೆ ಕಚೇರಿಯಲ್ಲೇ ದೊರೆಯುತ್ತದೆ. ಅದರ ಮಿತಿಯನ್ನು 2023ರಲ್ಲಿ 30 ಲಕ್ಷಕ್ಕೆ ಏರಿಸಿದರು. ಇವನ್ನು ತಿಳಿದುಕೊಳ್ಳುವುದಕ್ಕೂ ಆತ್ಮಶೋಧನೆಗೂ ಸಂಬಂಧವೇನೆಂದು ಕೇಳಬಹುದು. ಮಳೆ ಬರುವ ಹೊತ್ತಿನಲ್ಲಿ ಮಾಳಿಗೆ ನೋಡದವನು ಧ್ಯಾನಕ್ಕೆ ಕುಳಿತರೆ ಧ್ಯಾನವೂ ನೆನೆಯುತ್ತದೆ.

ಇನ್ನು ಪುಸ್ತಕವನ್ನು ಓದುವ ಬಗೆ. ಬರೆದ ಖರ್ಚುಗಳನ್ನು ನಾವು ನಾಲ್ಕು ಸಾಲುಗಳಲ್ಲಿ ಬೇರ್ಪಡಿಸಿ ನೋಡಬಹುದು. ಒಂದು, ಒಡಲಿನ ಖರ್ಚು: ಅನ್ನ, ಬಟ್ಟೆ, ಮನೆ. ಎರಡು, ಕಾಯಿಲೆಯ ಖರ್ಚು. ಮೂರು, ಮಾನದ ಖರ್ಚು: ನಾಲ್ಕು ಜನ ಏನೆಂದಾರು ಎಂದು ಮಾಡುವುದು. ನಾಲ್ಕು, ಮನಸ್ಸಿನ ಖರ್ಚು: ಸಂತೋಷಕ್ಕಾಗಿ ಮಾಡುವುದು, ಕರುಣೆಯಿಂದ ಕೊಡುವುದು. ನಮ್ಮ ಹೆಚ್ಚಿನ ಮನೆಗಳಲ್ಲಿ ಮೂರನೆಯ ಸಾಲು ಉದ್ದವಾಗಿಯೂ ನಾಲ್ಕನೆಯದು ಖಾಲಿಯಾಗಿಯೂ ಇರುತ್ತದೆ. ಪುಸ್ತಕ ಕೊಳ್ಳಲು ಇನ್ನೂರು ರೂಪಾಯಿ ದುಬಾರಿಯೆನಿಸಿದ ಕೈಗೆ ಒಂದು ಮದುವೆಯ ಮುಯ್ಯಿಗೆ ಎರಡು ಸಾವಿರ ಭಾರವೆನಿಸುವುದಿಲ್ಲ. ಮುಯ್ಯಿ ಬೇಡವೆಂದು ನಾವು ಹೇಳುವುದಿಲ್ಲ. ಸೀಮೆಯಾಚೆಗೂ ಈಚೆಗೂ ಚದುರಿದ ನಮ್ಮ ಕುಲಬಂಧುಗಳನ್ನು ಹೆಣೆದಿರುವ ದಾರಗಳಲ್ಲಿ ಅದೂ ಒಂದು. ಆದರೆ ನಾಚಿಕೆಗಾಗಿ ಎಷ್ಟು ಕೊಟ್ಟೆವು, ಪ್ರೀತಿಗಾಗಿ ಎಷ್ಟು ಕೊಟ್ಟೆವು ಎಂಬುದನ್ನು ಪುಸ್ತಕದ ಮುಂದೆ ಕುಳಿತಾಗಲಾದರೂ ಒಪ್ಪಿಕೊಳ್ಳಬೇಕು.

ಆ ಪುಸ್ತಕದಲ್ಲಿ ಕಾಣದಿರುವುದನ್ನೂ ಓದಬೇಕು. ಎಷ್ಟೋ ಮನೆಗಳ ವರ್ಷದ ಲೆಕ್ಕದಲ್ಲಿ ಹೆಂಡತಿಯ ಹೆಸರಿನ ಖರ್ಚು ಹುಡುಕಿದರೂ ಸಿಗುವುದಿಲ್ಲ. ಗಂಡನು ನಿವೃತ್ತನಾದ ದಿನ ಅವಳು ನಿವೃತ್ತಳಾಗಲಿಲ್ಲ. ಮನೆಯಲ್ಲಿ ಹಗಲಿಡೀ ಇರುವ ಒಬ್ಬರಿಗೆ ಹೆಚ್ಚಿನ ಚಹ ಮಾಡುವ ಕೆಲಸ ಕೂಡಿತಷ್ಟೆ. ನಾವು ಸರಳವಾಗಿ ಬದುಕುತ್ತೇವೆ ಎಂದು ಗಂಡನು ಹೆಮ್ಮೆಯಿಂದ ಹೇಳಿಕೊಳ್ಳುವ ಸರಳತೆ ಅನೇಕ ವೇಳೆ ಅವಳ ಮೊಣಕಾಲ ಮೇಲೆ ನಿಂತಿರುತ್ತದೆ. ಪಾತ್ರೆ ತೊಳೆಯಲು ಒಬ್ಬಳನ್ನು ಇಟ್ಟುಕೊಳ್ಳುವುದು ಅವನಿಗೆ ದುಂದಾಗಿ ಕಾಣುತ್ತದೆ. ಮಿತವ್ಯಯವು ತನ್ನ ಮೇಲೆ ಹೇರಿಕೊಂಡಾಗ ಸಂಯಮ. ಇನ್ನೊಬ್ಬರ ಮೇಲೆ ಅವರನ್ನು ಕೇಳದೆ ಹೇರಿದಾಗ ಅದಕ್ಕೆ ಬೇರೆ ಹೆಸರು ಕೊಡಬೇಕಾಗುತ್ತದೆ. ಠೇವಣಿ ಎಲ್ಲಿದೆ, ಕಾಗದ ಯಾವ ಪೆಟ್ಟಿಗೆಯಲ್ಲಿದೆ, ತನ್ನ ನಂತರ ಕುಟುಂಬ ಪಿಂಚಣಿ ಎಷ್ಟು ಬರುತ್ತದೆ ಎಂಬುದನ್ನು ಹೆಂಡತಿಗೆ ತಿಳಿಸದ ಗಂಡನ ಉಳಿತಾಯ ಎಷ್ಟೇ ದೊಡ್ಡದಿರಲಿ, ಅವಳ ಪಾಲಿಗೆ ಅದು ಕತ್ತಲೆಯೇ. ಮರಾಠಿಯಲ್ಲಿ ಅಚ್ಚಾದ ಅರ್ಜಿಯನ್ನೋ ಇಂಗ್ಲಿಷಿನ ಪಾಸ್‌ಬುಕ್ಕನ್ನೋ ಓದಲಾರದ ನಮ್ಮ ಕನ್ನಡ ತಾಯಂದಿರಿಗೆ ಆ ಕತ್ತಲೆ ಇಮ್ಮಡಿ.

ಸಾಕು ಎಂಬುದರ ಅಳತೆಯನ್ನು ನಮ್ಮ ಪರಂಪರೆಯಲ್ಲಿ ಹುಡುಕಿದರೆ ಮೊದಲು ನೆನಪಾಗುವವಳು ಒಬ್ಬ ಹೆಣ್ಣುಮಗಳೇ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ, ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಅವನ ಹೆಂಡತಿ ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರಲು ಕಳುಹಿಸಿದಳು ಎಂಬುದು ಪ್ರಸಿದ್ಧ ಕಥೆ. ಆ ಮನೆಯಲ್ಲಿ ಅಳತೆ ತಿಳಿದಿದ್ದವಳು ಅವಳು. ಬೇಕಾದುದೆಷ್ಟು ಎಂಬುದು ಅವಳಿಗೆ ಖಚಿತವಾಗಿ ಗೊತ್ತಿದ್ದುದರಿಂದಲೇ ಹೆಚ್ಚಾದುದು ಯಾವುದೆಂದೂ ಗೊತ್ತಾಯಿತು.

ಲಕ್ಕಮ್ಮನ ದಿನದ ಅಳತೆಯನ್ನು ನಾವು ಹಾಗೆಯೇ ಅನುಸರಿಸಬಲ್ಲೆವೇ? ಪ್ರಾಮಾಣಿಕವಾಗಿ ಹೇಳುವುದಾದರೆ, ಇಲ್ಲ. ಅವಳ ಸುತ್ತ ದಾಸೋಹದ ಒಂದು ಸಮುದಾಯವಿತ್ತು. ನಾಳೆ ಉಣ್ಣಲಿಲ್ಲದಿದ್ದರೆ ಉಣಿಸುವ ಮನೆಗಳಿದ್ದವು. ನಮ್ಮ ಮುಂದೆ ಆಸ್ಪತ್ರೆಯ ಬಿಲ್ಲುಗಳಿವೆ, ದೂರದ ಮಕ್ಕಳಿದ್ದಾರೆ, ಎಂಬತ್ತೈದರವರೆಗೆ ಎಳೆಯಬಹುದಾದ ಆಯುಷ್ಯವಿದೆ. ನಮ್ಮ ಅಳತೆ ದಿನದ್ದಾಗಿರಲಾರದು, ಉಳಿದ ಆಯುಷ್ಯದ್ದಾಗಿರಬೇಕು. ಆದರೂ ಅವಳಿಂದ ಕಲಿಯಬೇಕಾದುದು ಒಂದಿದೆ: ಅಳತೆ ಎಷ್ಟೇ ದೊಡ್ಡದಿರಲಿ, ಅದಕ್ಕೊಂದು ಅಂಚು ಇರಬೇಕು. ಅಂಚಿಲ್ಲದ ಪಾತ್ರೆ ಎಂದಿಗೂ ತುಂಬುವುದಿಲ್ಲ.

ಇದಕ್ಕೆ ಬಲವಾದ ಆಕ್ಷೇಪವೊಂದುಂಟು. ಆಯುಷ್ಯ ಎಷ್ಟೆಂದು ತಿಳಿಯದು, ಕಾಯಿಲೆ ಯಾವುದೆಂದು ತಿಳಿಯದು. ತಿಳಿಯದುದಕ್ಕೆ ಅಂಚು ಹಾಕುವುದು ಹೇಗೆ? ಈ ಮಾತಿನಲ್ಲಿ ಸತ್ಯವಿದೆ. ಇದಕ್ಕೆ ಪೂರ್ಣ ಪರಿಹಾರ ಯಾರಲ್ಲೂ ಇಲ್ಲ. ಆದರೆ ತಿಳಿಯದುದೆಲ್ಲವನ್ನೂ ಒಂದೇ ಹಗೇವಿನಲ್ಲಿ ತುಂಬಿದರೆ ಆ ಹಗೇವನ್ನು ತೆರೆಯುವ ಧೈರ್ಯ ಎಂದಿಗೂ ಬರುವುದಿಲ್ಲ. ಅದರ ಬದಲು ಮೂರು ಹಗೇವುಗಳನ್ನು ಮಾಡಬಹುದು. ಒಂದು ನಿತ್ಯದ ಬದುಕಿಗೆ, ಬೆಲೆಯೇರಿಕೆಯ ಲೆಕ್ಕವನ್ನೂ ಸೇರಿಸಿ. ಒಂದು ಕಾಯಿಲೆಗೆ, ಗಂಡಹೆಂಡಿರಿಬ್ಬರನ್ನೂ ಗಮನದಲ್ಲಿಟ್ಟು. 70 ದಾಟಿದ ಎಲ್ಲರಿಗೂ 2024ರ ಅಕ್ಟೋಬರಿನಿಂದ ಆಯುಷ್ಮಾನ್ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಖರ್ಚಿನ ಸೌಲಭ್ಯ ದೊರೆತಿರುವುದನ್ನು ಈ ಲೆಕ್ಕಕ್ಕೆ ಹಿಡಿಯಬಹುದು. ಮೂರನೆಯದು ಬೀಜದ ಕಾಳು, ಮಕ್ಕಳಿಗೆ ಬಿಡಬೇಕೆಂದಿರುವುದು. ಈ ಮೂರನ್ನೂ ತುಂಬಿದ ಮೇಲೆ ಮಿಕ್ಕುದನ್ನು ಬದುಕಿರುವಾಗಲೇ, ಸ್ವಂತ ಕೈಯಿಂದ, ನಗುಮುಖದಿಂದ ಖರ್ಚು ಮಾಡುವುದು ತಪ್ಪಲ್ಲ. ಮಿಗದಿದ್ದರೆ, ಮಿಗಲಿಲ್ಲವೆಂಬುದನ್ನಾದರೂ ತಿಳಿದು, ಮಕ್ಕಳೊಡನೆ ಸಂಕೋಚವಿಲ್ಲದೆ ಮಾತನಾಡಬಹುದು. ಬೀಜದ ಕಾಳು ಕೊನೆಯದಾಗಿರಲಿ ಎಂಬುದನ್ನೂ ನಾವು ಸೇರಿಸುತ್ತೇವೆ. ಮಕ್ಕಳಿಗೆ ತಂದೆತಾಯಿ ಬಿಡಬಹುದಾದ ಮೊದಲ ಆಸ್ತಿ, ಅವರ ಮೇಲೆ ಭಾರವಾಗದ ಮುಪ್ಪು.

ಮಿಕ್ಕುದನ್ನು ಕೊಡುವ ವಿಷಯದಲ್ಲಿ ನಮ್ಮ ಸೊನ್ನಲಿಗೆಯ ಸಿದ್ಧರಾಮನಿಗಿಂತ ದೊಡ್ಡ ನಿದರ್ಶನ ನಮಗೆ ಬೇಕಿಲ್ಲ. ಬರದ ನೆಲದಲ್ಲಿ ಕೆರೆ ಕಟ್ಟಿಸಿದ ಆ ಮಹಾನುಭಾವನ ಕಾಯಕದ ಫಲವನ್ನು ಸೊಲ್ಲಾಪುರ ಇಂದಿಗೂ ಕಣ್ಣಾರೆ ಕಾಣುತ್ತಿದೆ. ಆದರೆ ಶೂನ್ಯಸಂಪಾದನೆಯ ಕಥೆಯಲ್ಲಿ ಅಲ್ಲಮಪ್ರಭು ಸಿದ್ಧರಾಮನನ್ನು ಕಂಡುದು ಆ ಕೆರೆಯ ಕೆಲಸದ ನಡುವೆಯೇ. ಅವನು ಕೆಣಕಿದುದು ಆ ಸತ್ಕಾರ್ಯದೊಳಗೆ ಅಡಗಿರಬಹುದಾದ ‘ನಾನು ಮಾಡಿದೆ’ ಎಂಬ ಭಾವವನ್ನು. ಇದು ನಮಗೂ ಎಚ್ಚರಿಕೆ. ಫಲಕದ ಮೇಲೆ ಹೆಸರು ಕೆತ್ತಿಸಲು ಕೊಟ್ಟುದು ಮಾನದ ಸಾಲಿಗೆ ಸೇರುತ್ತದೆ. ಅದನ್ನು ಕರುಣೆಯ ಸಾಲಿನಲ್ಲಿ ಬರೆದುಕೊಳ್ಳಬಾರದು. ಕನ್ನಡ ಶಾಲೆಯ ಬಡ ಹುಡುಗಿಯೊಬ್ಬಳ ಎಸ್.ಟಿ. ಪಾಸಿನ ಹಣ ತುಂಬುವುದಕ್ಕೆ ಫಲಕ ಬೇಕಿಲ್ಲ.

ಹಣದ ಜೊತೆಗೆ ನಿವೃತ್ತರ ಕೈಯಲ್ಲಿ ಇನ್ನೊಂದು ಸಂಪತ್ತಿದೆ, ಅದು ಹೊತ್ತು. ನವೆಂಬರ್ ತಿಂಗಳು ಬಂತೆಂದರೆ ಬದುಕಿದ್ದೇವೆಂದು ಬರೆದುಕೊಡಲು ಬ್ಯಾಂಕಿನ ಮುಂದೆ ಸಾಲು ನಿಲ್ಲುವ ಹಿರಿಯರಲ್ಲಿ ಅರ್ಜಿ ತುಂಬಲು ಬಾರದವರು ಎಷ್ಟೋ ಮಂದಿ. ಹಳೆಯ ನಿವೃತ್ತಿವೇತನದ ನೆರಳಿನಲ್ಲಿರುವ ನಮ್ಮಂಥವರು ತಿಂಗಳಿಗೆ ಎರಡು ಮಧ್ಯಾಹ್ನ ಅಂಥವರ ಪಕ್ಕದಲ್ಲಿ ಕುಳಿತು, ಪಾಸ್‌ಬುಕ್ಕನ್ನು ಕನ್ನಡದಲ್ಲಿ ಓದಿ ಹೇಳಿ, ನಾಮನಿರ್ದೇಶನ ಆಗಿದೆಯೇ ಎಂದು ನೋಡಿ, ಸಲ್ಲಬೇಕಾದುದು ಸಂದಿದೆಯೇ ಎಂದು ವಿಚಾರಿಸಿದರೆ, ಅದು ಯಾವ ದೇಣಿಗೆಗೂ ಕಡಿಮೆಯಲ್ಲ. ಗಡಿಯಾಚೆಯ ಕನ್ನಡವನ್ನು ಉಳಿಸುವ ಮಾತನ್ನು ನಾವು ಪ್ರತಿ ಸಮ್ಮೇಳನದಲ್ಲೂ ಆಡುತ್ತೇವೆ. ತನ್ನ ಹಣದ ಲೆಕ್ಕವನ್ನು ತನ್ನ ನುಡಿಯಲ್ಲಿ ತಿಳಿದುಕೊಂಡ ಒಬ್ಬ ಮುದುಕಿಯ ಮನೆಯಲ್ಲಿ ಆ ಕನ್ನಡ ನಿಜವಾಗಿಯೂ ಬಳಕೆಗೆ ಬಂದಿರುತ್ತದೆ.

ಹಾಗಾದರೆ ನಮ್ಮ ಹಣ ಯಾರದೆಂಬ ಮೊದಲ ಪ್ರಶ್ನೆಗೆ ನಾವು ಹೀಗೆ ಉತ್ತರಿಸಬಹುದು. ಮೊದಲು ಅದು ನಮ್ಮದೂ ನಮ್ಮ ಜೊತೆ ದುಡಿದ ಸಂಗಾತಿಯದೂ ಹೌದು. ಕಣ್ಣು ಕಾಣಲು, ಕಿವಿ ಕೇಳಲು, ಮೊಣಕಾಲಿಗೆ ಬಿಡುವು ಸಿಗಲು ಅದನ್ನು ಬಳಸುವುದು ನಮ್ಮ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಹೌದು. ಆಮೇಲೆ ಅದು ನಮ್ಮ ನಾಳೆಯದು. ಅದರ ನಂತರ ಮಕ್ಕಳದು. ಅಂಚು ಮೀರಿ ಮಿಕ್ಕುದು ಆ ಅಂಚನ್ನೇ ಕಾಣದವರದು. ಈ ಕ್ರಮವನ್ನು ಯಾರೂ ನಮ್ಮ ಮೇಲೆ ಹೇರುವುದಿಲ್ಲ. ಒಂದು ವರ್ಷದ ಜಮಾ-ಖರ್ಚನ್ನು ಗಂಡಹೆಂಡಿರು ಕೂಡಿ ಬರೆದು, ಕೂಡಿ ಓದಿದರೆ ಅದು ತಾನಾಗಿಯೇ ತಿಳಿಯುತ್ತದೆ. ಈ ಯುಗಾದಿಯಿಂದ ಆರಂಭಿಸಲು ಒಂದು ನೂರು ಪುಟದ ಪುಸ್ತಕ ಸಾಕು.